ಒಂದಿಷ್ಟು ಇಟ್ಟುಕೋ

2011ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ದೆಹಲಿಯಲ್ಲಿ ಓದಿದ ಆ ಒಂದು ಸಾಲು ರಾಮನಗರದ ನಮ್ಮ ಬೀದಿ ಮುಟ್ಟಲು ಹೆಚ್ಚು ದಿನ ಹಿಡಿಯಲಿಲ್ಲ. ಚೀನಾದ ನೂಲು ಅಗ್ಗಕ್ಕೆ ಬರುತ್ತದೆಂದು ಗೊತ್ತಾದದ್ದೇ ತಡ, ನೂಲಿನ ವ್ಯಾಪಾರಿಗಳು ಕೈ ಹಿಂದಕ್ಕೆಳೆದುಕೊಂಡರು. ನೂಲಿಗೆ ಬೆಲೆ ಇಲ್ಲವೆಂದ ಮೇಲೆ ಗೂಡಿಗೆಲ್ಲಿಯ ಬೆಲೆ? ರೈತರು ಬೀದಿಗಿಳಿದರು. ಎಷ್ಟೋ ಮಂದಿ ಹಿಪ್ಪುನೇರಳೆ ತೋಟವನ್ನೇ ಕಿತ್ತು ಹಾಕಿದರು. ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದ್ದು 2013ರಲ್ಲಿ. ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿತ್ತು.

ರೈತರ ಪಾಡನ್ನು ಪತ್ರಿಕೆಗಳು ಬರೆದವು, ಬರೆಯಬೇಕಾದದ್ದೇ. ಗೂಡಿನಿಂದ ನೂಲು ತೆಗೆಯುವ ಸಣ್ಣ ರೀಲರುಗಳ ಮನೆಗಳಲ್ಲಿ ಏನಾಯಿತೆಂಬುದು ಮಾತ್ರ ಹೆಚ್ಚು ಹೊರಗೆ ಬರಲಿಲ್ಲ. ನಾನು ಹೇಳಹೊರಟಿರುವುದು ಅಂಥದೊಂದು ಮನೆಯ, ನಮ್ಮ ಅಬ್ಬಾನ ವಿಷಯ. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದರು. ತಮ್ಮ ತಪ್ಪನ್ನು ನಾನು ಸಣ್ಣದು ಮಾಡಿ ಬರೆದಿದ್ದ ಜಾಗಗಳವು.

ನಮ್ಮದು ಮನೆಯ ಗೋಡೆಗೆ ಅಂಟಿಕೊಂಡ ಸಣ್ಣ ಫಿಲೇಚರು. ಮೇಲೆ ಶೀಟು, ಕೆಳಗೆ ಕುದಿಯುವ ನೀರು, ಅದರಲ್ಲಿ ಬೇಯುವ ಗೂಡು, ಸತ್ತ ಹುಳುವಿನ ನಾತ. ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೆಂದ ಗೂಡುಗಳ ಮೇಲೆ ಕೈಯಾಡಿಸಿ ಎಳೆಯ ತುದಿ ಹಿಡಿಯಬೇಕು, ಹಲವು ಗೂಡುಗಳ ಎಳೆಗಳನ್ನು ಸೇರಿಸಿ ತಿರುಗಣೆಗೆ ಹತ್ತಿಸಬೇಕು, ಒಂದು ಗೂಡು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದರ ಎಳೆ ತಂದು ಕೂಡಿಸಬೇಕು. ಬೆಳಗಿನಿಂದ ಬಿಸಿನೀರಲ್ಲೇ ಕೈ. ಅಬ್ಬಾನ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಉಗುರಿನ ಬುಡ ಬಿರಿದಿರುತ್ತಿತ್ತು. ಸಾರು ತಾಗಿದರೆ ಉರಿಯುತ್ತದೆಂದು ಅಮ್ಮಿ ಅವರ ತಟ್ಟೆಯ ಪಕ್ಕ ಒಂದು ಚಮಚ ಇಡುತ್ತಿದ್ದಳು. ಅವರು ಅದನ್ನು ಪಕ್ಕಕ್ಕೆ ಸರಿಸಿ ಕೈಯಲ್ಲೇ ಉಣ್ಣುತ್ತಿದ್ದರು.

ಕೆಂಗಲ್ ಎಂದರೆ ದೂರದವರಿಗೆ ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದಿರುವ ಊರು. ನಮಗೆ ಅದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಮೈಸೂರು ರಸ್ತೆಯ ಮೇಲೆ ಬಸ್ಸು ನಿಲ್ಲುವ ಜಾಗ, ಆಂಜನೇಯನ ಗುಡಿ, ಸಂಕ್ರಾಂತಿಯ ಹೊತ್ತಿನ ದನಗಳ ಜಾತ್ರೆ. ಅಲ್ಲಿಂದ ಒಳಗೆ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ ಅಬ್ಬಾಗೆ ಗುರುತಿನ ಗೌಡರೊಬ್ಬರಿದ್ದರು. ಹೆಸರು ಬೇಡ. ಅವರ ಮಕ್ಕಳು ಇದ್ದಾರೆ.

ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿಗಿಟ್ಟು ಮಾರಬೇಕಿತ್ತು. 1959ರ ಕಾಯ್ದೆಯಡಿಯ ನಿಯಮ ಅದು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ನಮ್ಮೂರಲ್ಲೇ ಇದೆ. ಅಲ್ಲಾದರೆ ತೂಕಕ್ಕೆ, ಬೆಲೆಗೆ, ಹಣಕ್ಕೆ ಒಂದು ಕಟ್ಟುಪಾಡಿರುತ್ತದೆ. ಆದರೂ ಮನೆ ಬಾಗಿಲಲ್ಲೇ ಕೊಳ್ಳುವ, ಮಾರುವ ಚಾಳಿ ಪೂರ್ತಿ ಹೋಗಿರಲಿಲ್ಲ. ಅಬ್ಬಾ ಗೌಡರಿಗೆ ಮಾರುಕಟ್ಟೆಗಿಂತ ಹತ್ತು ರೂಪಾಯಿ ಹೆಚ್ಚು ಕೊಡುವೆನೆಂದರು. ಗೌಡರಿಗೂ ಗಾಡಿ ಬಾಡಿಗೆ ಉಳಿಯಿತು. ಗೂಡು ಇಟ್ಟುಕೊಂಡು ಕೂರುವ ಸರಕಲ್ಲ. ಹೊತ್ತಿಗೆ ಸರಿಯಾಗಿ ಬೇಯಿಸದಿದ್ದರೆ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ, ಆಮೇಲೆ ಅದರಿಂದ ನೂಲಿಲ್ಲ. ಹಾಗಾಗಿ ಕೊಳ್ಳುವವನೊಬ್ಬ ಮನೆಗೇ ಬಂದರೆ ರೈತನಿಗೆ ನಿರಾಳ. ಎರಡು ಬೆಳೆಯ ಗೂಡು ಹಾಗೆ ನಮ್ಮ ಮನೆಗೆ ಬಂತು. ಮುಂಗಡ ಕೊಟ್ಟದ್ದು ಕಳೆದು 41 ಸಾವಿರ ಬಾಕಿ ನಿಂತಿತು.

ಆಮೇಲೆ ನೂಲು ಬಿತ್ತು. ತೆಗೆದ ನೂಲು ಕಟ್ಟುಕಟ್ಟಾಗಿ ಟ್ರಂಕಿನಲ್ಲೇ ಉಳಿಯಿತು. ಇಲ್ಲಿಯವರೆಗೆ ನಡೆದದ್ದನ್ನು ಕಷ್ಟಕಾಲ ಎನ್ನಬಹುದು. ಮುಂದಿನದನ್ನು ಹಾಗೆನ್ನಲು ಬರುವುದಿಲ್ಲ. ಗೌಡರು ಹಣ ಕೇಳಲು ಬಂದಾಗ ಅಬ್ಬಾ ಒಳಗಿದ್ದುಕೊಂಡೇ ಇಲ್ಲವೆನ್ನಿಸಿದರು. ಅಮ್ಮಿ ಬಾಗಿಲಲ್ಲಿ ನಿಂತು ಸುಳ್ಳು ಹೇಳಿದಳು, ನಾನೂ ಹೇಳಿದೆ. ಕೊನೆಗೊಮ್ಮೆ ಕೆಂಗಲ್ ಬಸ್ ನಿಲ್ದಾಣದಲ್ಲೇ ಇಬ್ಬರೂ ಎದುರಾದರು. ಜನ ಸೇರಿದರು. ಅಬ್ಬಾ ಎಲ್ಲರ ಮುಂದೆ ಅಲ್ಲಾಹನ ಆಣೆ ಇಟ್ಟು, ದೀಪಾವಳಿಯ ಹೊತ್ತಿಗೆ ಪೂರ್ತಿ ಕೊಡುತ್ತೇನೆಂದರು. ಕೊಡಲು ದಾರಿಯಿಲ್ಲವೆಂದು ಆ ಮಾತು ಆಡುವಾಗಲೇ ಅವರಿಗೆ ಗೊತ್ತಿತ್ತು. ನಾನು ಸಣ್ಣದು ಮಾಡಿ ಬರೆದಿದ್ದ ಜಾಗಗಳಲ್ಲಿ ಇದೊಂದು. “ಕೊಡಬಹುದು ಅಂದ್ಕೊಂಡಿದ್ದರು ಅಂತ ಬರೀಬೇಡ. ಗೊತ್ತಿತ್ತು ಅಂತ ಬರಿ,” ಎಂದರು.

ಗೌಡರು ನಂಬಿದರು. ಸಾಬ್ರು ದೇವರ ಆಣೆ ಇಟ್ಟಿದ್ದಾರೆ, ಇನ್ನು ಒತ್ತಾಯ ಮಾಡಬಾರದೆಂದು ಸುಮ್ಮನಾದರು. ದೀಪಾವಳಿ ಬಂದು ಹೋಯಿತು. 2012ರ ಸಂಕ್ರಾಂತಿಯ ಜಾತ್ರೆಯಲ್ಲಿ, ಮಗಳ ಮದುವೆಯ ಖರ್ಚಿಗೆ, ಗೌಡರು ಮನೆಯಲ್ಲೇ ಹುಟ್ಟಿ ಬೆಳೆದ ಹಳ್ಳಿಕಾರ್ ಎತ್ತಿನ ಜೋಡಿಯನ್ನು ಮಾರಿದರು.

ಆ ಸುದ್ದಿ ತಂದವರು ಯಾರೋ ನೆನಪಿಲ್ಲ. ಅಂದಿನಿಂದ ಅಬ್ಬಾ ನಮಾಜು ಬಿಟ್ಟರು.

ಮೊದಲು ನಮಗೆ ತಿಳಿಯಲೇ ಇಲ್ಲ. ಅಜಾನ್ ಆದಾಗ ಟೋಪಿ ತೆಗೆದುಕೊಂಡು ಹೊರಡುತ್ತಿದ್ದರು. ಮಸೀದಿಗೆ ಹೋಗದೆ ಎಲ್ಲೋ ಕೂತು ಬರುತ್ತಾರೆಂದು ಆಮೇಲೆ ಗೊತ್ತಾಯಿತು. ಚನ್ನಪಟ್ಟಣದಲ್ಲಿರುವ ಅತ್ತೆಯ ಮನೆಗೆ ಹೋಗುವುದನ್ನೂ ಬಿಟ್ಟರು. ಕೆಂಗಲ್ ದಾಟದೆ ಅಲ್ಲಿಗೆ ಹೋಗುವಂತಿಲ್ಲವಲ್ಲ. ಊಟ ಇಳಿಯಿತು. ಹಬ್ಬಕ್ಕೆ ಬಟ್ಟೆ ಬೇಡವೆಂದರು. ತಮ್ಮನ ಮೇಲೆ ರೇಗುವುದು ಹೆಚ್ಚಾಯಿತು. ಅಮ್ಮಿ ಕೇಳಿದಾಗ, “ಯಾವ ಮುಖ ಹೊತ್ಕೊಂಡು ನಿಂತ್ಕೊಳ್ಳಲಿ? ಅವನ ಹೆಸರಲ್ಲೇ ಅಲ್ಲವಾ ಸುಳ್ಳು ಹೇಳಿದ್ದು?” ಎಂದರು.

ಆಗ ನನಗೆ ಅದು ವಿನಯದಂತೆ ಕಂಡಿತ್ತು, ಅಬ್ಬಾ ದೊಡ್ಡವರಾದರೆಂದು ತೋರಿತ್ತು. ಈಗ ಹಾಗನ್ನಿಸುವುದಿಲ್ಲ. ಆ ಆರು ತಿಂಗಳಲ್ಲಿ ಅವರು ಪಟ್ಟ ನೋವಿನಿಂದ ಗೌಡರ ಮನೆಗೆ ಒಂದು ರೂಪಾಯಿಯೂ ಸೇರಲಿಲ್ಲ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತ ಕೂತವನಿಗೆ ಸಾಲ ತೀರಿಸಲು ಹೊತ್ತೆಲ್ಲಿ? ಅಲ್ಲಾಹನ ಕರುಣೆಯಲ್ಲಿ ಆಸೆ ಬಿಡುವುದೂ ಪಾಪವೇ ಎಂದು ನಮ್ಮ ಧರ್ಮ ಹೇಳುವುದರ ಒಳಗುಟ್ಟು ನನಗೆ ಹೊಳೆದದ್ದು ಅಬ್ಬಾನನ್ನು ನೋಡಿಯೇ. ಆಸೆ ಬಿಟ್ಟವನು ಎದ್ದು ಹೋಗಿ ಯಾರ ಬಾಗಿಲನ್ನೂ ತಟ್ಟುವುದಿಲ್ಲ.

ಆ ವರ್ಷದ ರಂಜಾನ್ ಜುಲೈ ಕೊನೆಗೆ ಶುರುವಾಯಿತು. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ. ಮನೆಯಲ್ಲಿ ದಖನಿ ಮಾತಾಡಿದರೂ ಉರ್ದು ಬರಹ ನನಗೆ ತಡವರಿಕೆ. ಮಂಗಳೂರಿನ ಶಾಂತಿ ಪ್ರಕಾಶನದವರು ತಂದ ಕುರ್‌ಆನಿನ ಕನ್ನಡ ಅನುವಾದವನ್ನು ಗೆಳತಿಯೊಬ್ಬಳಿಂದ ತಂದುಕೊಂಡಿದ್ದೆ. ಅಬ್ಬಾ ಚಿಕ್ಕಂದಿನಲ್ಲಿ ಮದರಸಾದಲ್ಲಿ ಅರಬ್ಬಿಯಲ್ಲಿ ಓದಲು ಕಲಿತಿದ್ದರು, ಅರ್ಥ ತಿಳಿಯದು. ಹೊತ್ತಾರೆ ಸಹರಿಯ ಊಟ ಮುಗಿಸಿ ನಾನು ದಾದಿಗೆ, ಅಂದರೆ ಅಬ್ಬಾನ ಅಮ್ಮನಿಗೆ, ಕನ್ನಡದಲ್ಲಿ ಓದಿ ದಖನಿಯಲ್ಲಿ ಹೇಳುವುದು, ಅಬ್ಬಾ ಗೋಡೆಗೊರಗಿ ಕೇಳಿಯೂ ಕೇಳದಂತಿರುವುದು ನಡೆದಿತ್ತು.

ಒಂದು ಬೆಳಗ್ಗೆ ಸೂರಾ ತೌಬಾ ಬಂತು. ಅದರ ಕೊನೆಯ ಕಡೆ ಹಿಂದುಳಿದ ಮೂವರ ಪ್ರಸ್ತಾಪವಿದೆ. ಇಷ್ಟು ದೊಡ್ಡ ಭೂಮಿ ಅವರಿಗೆ ಸಾಲದೆ ಹೋಯಿತು, ತಮ್ಮ ಜೀವವೇ ತಮಗೆ ಬಿಗಿಯಾಯಿತು. ಕೊನೆಗೆ ಅಲ್ಲಾಹನೇ ಅವರತ್ತ ತಿರುಗಿದ, ಅವರೂ ತಿರುಗಿ ಬರಲಿ ಎಂದು. ಇಷ್ಟು ಅದರ ತಾತ್ಪರ್ಯ. ಅಬ್ಬಾ, “ಯಾರವರು ಮೂವರು?” ಎಂದರು. ಎಷ್ಟೋ ತಿಂಗಳ ಮೇಲೆ ಅವರು ತಾವಾಗಿ ಕೇಳಿದ ಪ್ರಶ್ನೆ ಅದು.

ದಾದಿಗೆ ಅಕ್ಷರ ಬಾರದು. ಧರ್ಮಬೋಧೆಯ ಬಯಾನ್‌ಗಳಲ್ಲಿ ಕೇಳಿದ್ದೆಲ್ಲ ಬಾಯಲ್ಲಿತ್ತು. ಅವರೇ ಹೇಳಿದರು. ಮೂವರಲ್ಲಿ ಒಬ್ಬರು ಕಅಬ್ ಬಿನ್ ಮಾಲಿಕ್, ಮದೀನಾದ ಕವಿ. ಹಿಜರಿ ಒಂಬತ್ತನೇ ವರ್ಷ, ಅಂದರೆ ಕ್ರಿ.ಶ. 630ರಲ್ಲಿ, ಪ್ರವಾದಿಯವರು ತಬೂಕ್ ದಂಡಯಾತ್ರೆಗೆ ಹೊರಟರು. ಸುಡುಬಿಸಿಲು, ದೂರದ ಹಾದಿ, ತೋಟದಲ್ಲಿ ಹಣ್ಣು ಮಾಗುವ ಕಾಲ. ಕಅಬರಿಗೆ ಯಾವ ಅಡ್ಡಿಯೂ ಇರಲಿಲ್ಲ. ಹಿಂದೆಂದೂ ಇಲ್ಲದ ಹಾಗೆ ಎರಡು ಒಂಟೆಗಳಿದ್ದವು. ನಾಳೆ ಹೊರಟರಾಯಿತು, ನಾಡಿದ್ದು ಹೊರಟರಾಯಿತು ಎನ್ನುತ್ತಲೇ ಉಳಿದುಬಿಟ್ಟರು. ದಂಡು ಹಿಂತಿರುಗಿದಾಗ ಉಳಿದುಕೊಂಡವರಲ್ಲಿ ಎಷ್ಟೋ ಜನ ನೆಪ ಹೇಳಿ ಪಾರಾದರು. ಮಾತಿನಲ್ಲಿ ಪಳಗಿದ ಕಅಬರಿಗೆ ನೆಪ ಹೆಣೆಯುವುದು ಕಷ್ಟವಿರಲಿಲ್ಲ. ಆದರೂ ನನಗೆ ಯಾವ ನೆಪವೂ ಇಲ್ಲವೆಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

ಆ ಮೂವರೊಂದಿಗೆ ಯಾರೂ ಮಾತಾಡಕೂಡದೆಂದಾಯಿತು. ಉಳಿದಿಬ್ಬರು ಮನೆ ಸೇರಿ ಅಳುತ್ತ ಕೂತರು. ಕಅಬರು ಮಾತ್ರ ಮಸೀದಿಗೂ ಹೋದರು, ಸಂತೆಗೂ ಹೋದರು. ಸಲಾಂ ಹೇಳಿದರೆ ಮರುಸಲಾಂ ಇಲ್ಲ. ಜೀವದಂತಿದ್ದ ಸೋದರ ಸಂಬಂಧಿಯ ತೋಟದ ಗೋಡೆ ಹತ್ತಿ ಮಾತಾಡಿಸಿದರೂ ಉತ್ತರ ಸಿಗಲಿಲ್ಲ. ಗಸ್ಸಾನಿನ ರಾಜ, ನಿನ್ನವರು ನಿನ್ನನ್ನು ಕೈಬಿಟ್ಟರಂತೆ, ನಮ್ಮಲ್ಲಿಗೆ ಬಾ ಎಂದು ಕಾಗದ ಕಳಿಸಿದ. ಅದನ್ನು ಒಲೆಗೆ ಹಾಕಿದರು. ಐವತ್ತನೇ ರಾತ್ರಿ ಕಳೆದ ಬೆಳಗ್ಗೆ, ಮನೆಯ ಮಾಳಿಗೆಯ ಮೇಲೆ ನಮಾಜು ಮುಗಿಸಿ ಕೂತಿದ್ದಾಗ, ಸಲಅ್ ಬೆಟ್ಟದ ಮೇಲಿಂದ ಯಾರೋ ಕೂಗಿ ಹೇಳಿದ್ದು ಕೇಳಿಸಿತು, ಕ್ಷಮೆ ಬಂದಿದೆ ಎಂದು. ಸುದ್ದಿ ತಂದವನಿಗೆ ಮೈಮೇಲಿದ್ದ ಬಟ್ಟೆಯನ್ನೇ ಕೊಟ್ಟು, ಸಾಲದ ಬಟ್ಟೆ ಉಟ್ಟು ಮಸೀದಿಗೆ ಓಡಿದರು. ಅಲ್ಲಿದ್ದವರಲ್ಲಿ ತಲ್ಹಾ ಎಂಬೊಬ್ಬರು ಎದ್ದು ಓಡಿಬಂದು ಕೈ ಹಿಡಿದರು. ಕಅಬರು ಅದನ್ನು ಸಾಯುವತನಕ ಮರೆಯಲಿಲ್ಲವಂತೆ.

ದಾದಿ ಇಲ್ಲಿಗೆ ನಿಲ್ಲಿಸಲಿಲ್ಲ. ಸಂತೋಷದಲ್ಲಿ ಕಅಬರು ನನ್ನ ಆಸ್ತಿಯನ್ನೆಲ್ಲ ದಾನ ಮಾಡಿಬಿಡುತ್ತೇನೆ ಎಂದರು. ಪ್ರವಾದಿಯವರು ಬೇಡವೆಂದರು. ಒಂದಿಷ್ಟು ನಿನಗೆ ಇಟ್ಟುಕೋ, ಅದೇ ನಿನಗೆ ಒಳ್ಳೆಯದು ಎಂಬರ್ಥದ ಮಾತು ಹೇಳಿದರು. ಕಅಬರು ಖೈಬರಿನ ತಮ್ಮ ಪಾಲನ್ನು ಉಳಿಸಿಕೊಂಡರು.

ಅಬ್ಬಾ ಅಂದೇನೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು, ಮನೆಯನ್ನೂ ಫಿಲೇಚರನ್ನೂ ಮಾರಿ ಹಣ ಗೌಡರ ಕೈಗೆ ಹಾಕಿ ಬರುತ್ತೇನೆ, ಉಳಿದದ್ದು ಯತೀಂಖಾನೆಯ ಅನಾಥ ಮಕ್ಕಳಿಗೆ ಎಂದು ಹೊರಟರು. ಕಥೆ ಕೇಳಿಯೂ ಅವರಿಗೆ ಹಿಡಿಸಿದ್ದು ಎಲ್ಲವನ್ನೂ ಕೊಟ್ಟುಬಿಡುವ ಭಾಗವೇ. ಅಮ್ಮಿ ಜೀವಮಾನದಲ್ಲಿ ಅವರಿಗೆ ಎದುರಾಡಿದವಳಲ್ಲ. ಅವತ್ತು ಬಾಗಿಲಿಗೆ ಅಡ್ಡ ನಿಂತಳು. “ನಿಮ್ಮಮ್ಮ ಹೇಳಿದ್ದು ಪೂರ್ತಿ ಕೇಳಿಸ್ಕೊಂಡ್ರಾ? ರಸೂಲಲ್ಲಾಹ್ ಒಬ್ಬನಿಗೆ ಒಂದಿಷ್ಟು ಇಟ್ಕೋ ಅಂದಿದ್ದಾರೆ. ನೀವೇನು ಅವನಿಗಿಂತ ದೊಡ್ಡ ಪಾಪಿನಾ? ನಾನೂ ಮಕ್ಕಳೂ ಏನು ತಪ್ಪು ಮಾಡಿದ್ದೀವಿ? ಮಷೀನು ಹೋದ್ರೆ ಗೌಡ್ರಿಗೆ ಯಾವುದರಲ್ಲಿ ದುಡಿದು ಕೊಡ್ತೀರಿ?”

ನನ್ನ ಮಟ್ಟಿಗೆ ನಮ್ಮ ಮನೆಯ ದೊಡ್ಡ ಬಯಾನ್ ಅದೇ. ತಪ್ಪು ಮಾಡಿದವನಿಗೆ ತನ್ನನ್ನೇ ಸುಟ್ಟುಕೊಳ್ಳುವುದರಲ್ಲಿ ಒಂದು ಬಗೆಯ ಸಮಾಧಾನ ಸಿಗುತ್ತದೆ. ಒಂದೇ ಏಟಿಗೆ ಎಲ್ಲ ಮುಗಿಯುತ್ತದೆಂಬ ಆಸೆ ಅದು. ಅದಕ್ಕಿಂತ ಕಷ್ಟವಾದದ್ದು ತಿಂಗಳು ತಿಂಗಳು ದುಡಿದು, ಬಸ್ಸು ಹತ್ತಿ, ಅದೇ ಮನುಷ್ಯನ ಮುಖ ನೋಡಿ, ಸ್ವಲ್ಪ ಸ್ವಲ್ಪ ಕೊಟ್ಟು ಬರುವುದು. ಅದಕ್ಕೆ ಮನುಷ್ಯ ಉಳಿದಿರಬೇಕು, ಉಂಡಿರಬೇಕು.

ತೌಬಾ, ಅಂದರೆ ಪಶ್ಚಾತ್ತಾಪ, ಒಪ್ಪಿಗೆಯಾಗಲು ಉಲೇಮಾಗಳು ಮೂರು ಮಾತು ಹೇಳುತ್ತಾರೆ. ತಪ್ಪನ್ನು ಬಿಡಬೇಕು, ಮಾಡಿದ್ದಕ್ಕೆ ಮನಸ್ಸು ನೋಯಬೇಕು, ಮತ್ತೆ ಮಾಡೆನೆಂದು ಗಟ್ಟಿ ಮಾಡಿಕೊಳ್ಳಬೇಕು. ಇನ್ನೊಬ್ಬರ ಹಕ್ಕು ಸೇರಿದ್ದರೆ ನಾಲ್ಕನೆಯದೂ ಉಂಟು, ಅದನ್ನು ಅವರಿಗೆ ಮುಟ್ಟಿಸಬೇಕು. ರಾತ್ರಿಯೆಲ್ಲ ಅತ್ತರೂ ಗೌಡರ 41 ಸಾವಿರ ತೀರುವುದಿಲ್ಲ. ಆ ನಾಲ್ಕನೆಯ ಮಾತು ಕೇಳಿದ ಮೇಲೆಯೇ ಅಬ್ಬಾಗೆ ಉಸಿರು ಬಂದದ್ದೆಂದು ನನಗೆ ಅನ್ನಿಸುತ್ತದೆ. ಮಾಡಲು ಒಂದು ಕೆಲಸ ಸಿಕ್ಕಿತಲ್ಲ.

ಈದ್ ಮುಗಿದ ಮೇಲೆ, ಟ್ರಂಕಿನ ನೂಲನ್ನು ನಷ್ಟಕ್ಕೆ ಮಾರಿದ ಹಣ ಹಿಡಿದು ಕೆಂಗಲ್‌ಗೆ ಹೊರಟರು. ನಾನು ಜೊತೆಗೆ ಹೋದೆ. ಗೌಡರ ಮನೆಯ ಹಿಂದಿನ ಹಿಪ್ಪುನೇರಳೆ ಇರಲಿಲ್ಲ, ರಾಗಿ ಎದ್ದಿತ್ತು. ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಕೊಟ್ಟಿಗೆಯ ಗೋಡೆಗೆ ಒರಗಿ ಜೇಡರ ಬಲೆ ಕಟ್ಟಿಕೊಂಡಿದ್ದವು. ಕೊಟ್ಟಿಗೆಯಲ್ಲಿ ಎರಡು ಗೂಟ, ಗೂಟದ ಸುತ್ತ ಹಗ್ಗ ಸವೆಸಿದ ಗುರುತು. ಎತ್ತು ಮೇಯುತ್ತಿದ್ದ ಜಾಗದಲ್ಲಿ ಸೌದೆ ಒಟ್ಟಿದ್ದರು. ಅಬ್ಬಾ ಅಲ್ಲಿಂದ ಕಣ್ಣು ಕೀಳಲಿಲ್ಲ.

ಗೌಡರು ಜಗಲಿಯ ಮೇಲೆ ಕೂತೇ ಕೇಳಿದರು. ಅಬ್ಬಾ ನಿಂತೇ ಹೇಳಿದರು. ಬೆಲೆ ಬಿದ್ದದ್ದನ್ನು, ಬಜೆಟ್ಟನ್ನು, ಚೀನಾವನ್ನು ಬಾಯಿಗೇ ತರಲಿಲ್ಲ. ಆಣೆ ಇಟ್ಟಾಗ ಕೊಡಲಾಗುವುದಿಲ್ಲವೆಂದು ಗೊತ್ತಿತ್ತು, ಗೊತ್ತಿದ್ದೇ ಇಟ್ಟೆ ಎಂದರು. ಗೌಡರು ನೋಟು ಎಣಿಸಿದರು. ಎಣಿಸಿ ಮುಗಿಸಿ, “ಆಣೆ ಯಾಕಿಟ್ರಿ ಸಾಬ್ರೇ? ಇಲ್ಲ ಅಂದಿದ್ರೆ ನಾನೇನ್ ನಿಮ್ಮನ್ನ ತಿಂದಾಕ್ತಿದ್ನಾ? ಊರ್ಗೆಲ್ಲ ಬಿದ್ದಿತ್ತು ಹೊಡ್ತ, ನಿಮಗೊಬ್ರಿಗಾ?” ಎಂದರು. ಅಬ್ಬಾ ತಲೆ ತಗ್ಗಿಸಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಗೌಡರ ಹೆಂಡತಿ ನನಗೆ ಮಾತ್ರ ಮಜ್ಜಿಗೆ ತಂದುಕೊಟ್ಟರು.

ಎರಡು ತಿರುಗಣೆ ಮಾರಿ, ಉಳಿದದ್ದರಲ್ಲಿ ದುಡಿದು, ರಾತ್ರಿ ಇನ್ನೊಬ್ಬರ ಫಿಲೇಚರಿನಲ್ಲಿ ಕೂಲಿ ಮಾಡಿ ಅಬ್ಬಾ ಬಾಕಿ ತೀರಿಸಿದರು. ಮುರಿದ ಆಣೆಗೆ ಪ್ರಾಯಶ್ಚಿತ್ತವೆಂದು ಸೂರಾ ಮಾಇದಾದಲ್ಲಿ ಹೇಳಿರುವಂತೆ ಹತ್ತು ಮಂದಿ ಬಡವರಿಗೆ ಊಟ ಹಾಕಿಸಿದರು. ಅಮ್ಮಿ ಬೆಳಗಿನಿಂದ ಅಡುಗೆಗೆ ನಿಂತಳು. ತಾನೂ ಬಾಗಿಲಲ್ಲಿ ಸುಳ್ಳು ಹೇಳಿದವಳಲ್ಲವೇ ಎಂದಳು. ಕೊನೆಯ ಕಂತಿನ ದಿನ ಅಬ್ಬಾ ಬೇರೆ ಒಂದು ಕವರನ್ನೂ ಮುಂದಿಟ್ಟರು. ಗೌಡರು, “ಬಡ್ಡಿನಾ?” ಎಂದರು. ಬಡ್ಡಿ ನಮ್ಮಲ್ಲಿ ಕೊಡುವಂತೆಯೂ ಇಲ್ಲ, ಆದರೆ ಕೇಳದೆ, ಕರಾರಿಲ್ಲದೆ, ಸಾಲ ತೀರಿಸುವಾಗ ಮನಸಾರೆ ಹೆಚ್ಚು ಕೊಡುವುದು ಪ್ರವಾದಿಯವರ ನಡೆ ಎಂದು ಮೌಲ್ವಿಯವರನ್ನು ಕೇಳಿಯೇ ಬಂದಿದ್ದರು. ಎತ್ತಿನ ನಷ್ಟಕ್ಕೆ ಎಂದು ಹೇಳಿದರು. “ಜಾತ್ರೇಲಿ ಅವನ್ನ ಬಿಟ್ಟು ಬರೋವಾಗ ನಾನು ಅತ್ತಿದ್ದೂ ಇದ್ರಲ್ಲಿ ಸೇರ್ತಾ?” ಎಂದರು ಗೌಡರು. ಅಬ್ಬಾ, “ಇಲ್ಲ” ಎಂದರು. ಗೌಡರು ಕವರು ತೆಗೆದುಕೊಂಡರು.

ಅಂದು ಹೊರಡುವ ಮುಂಚೆ ಅಬ್ಬಾ ಕೇಳಿಯೇಬಿಟ್ಟರು, ಮಾಫ್ ಮಾಡಿ ಅಂತ. ಗೌಡರು ಸ್ವಲ್ಪ ಹೊತ್ತು ಯೋಚಿಸಿ, “ಅದು ನನ್ನ ಕೈಲಾಗಲ್ಲ ಸಾಬ್ರೇ. ಬಾಯ್ಮಾತ್ಗೆ ಹೇಳ್ಲಾ?” ಎಂದರು. ಅಬ್ಬಾ ಬೇಡವೆಂದರು. ಕೆಲವು ವರ್ಷದ ಮೇಲೆ ಗೌಡರು ಕಾಯಿಲೆಯಿಂದ ತೀರಿಕೊಂಡರು. ಆ ಮಾತು ಕೊನೆಗೂ ಬರಲಿಲ್ಲ.

ಇದನ್ನು ಓದುವವರಲ್ಲಿ ಯಾರಿಗಾದರೂ ಗೌಡರ ಮೇಲೆ ಬೇಸರ ಬಂದರೆ ನನಗೆ ನೋವಾಗುತ್ತದೆ. ಅವರು ಒಂದು ಸುಳ್ಳು ಮಾತಿನಿಂದ ಎತ್ತು ಕಳೆದುಕೊಂಡವರು. ಇನ್ನೊಂದು ಸುಳ್ಳು ಮಾತಿನಿಂದ ನಮ್ಮನ್ನು ಸಮಾಧಾನ ಮಾಡಲಿಲ್ಲ. ಕ್ಷಮಿಸುವುದು ಅವರ ಹಕ್ಕು, ಕ್ಷಮಿಸದಿರುವುದೂ ಅವರ ಹಕ್ಕು. ಹಾಗಾದರೆ ಅಬ್ಬಾ ತಮ್ಮನ್ನು ತಾವು ಕ್ಷಮಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು, ಒಮ್ಮೆ ಅವರನ್ನೇ ಕೇಳಿದೆ. “ಗೌಡ್ರ ಲೆಕ್ಕ ಕಯಾಮತ್ತಿನವರೆಗೂ ನನ್ನ ಮೇಲಿದೆ. ಅವರ ಮನೆಯವರಿಗೆ ಒಳ್ಳೇದಾಗಲಿ ಅಂತ ಪ್ರತಿ ನಮಾಜಲ್ಲೂ ಕೇಳ್ತೀನಿ. ಲೆಕ್ಕ ತೀರಿದ ಮೇಲೆ ನಿಂತ್ಕೊಳ್ತೀನಿ ಅಂದ್ರೆ ಯಾವತ್ತೂ ನಿಂತ್ಕೊಳ್ಳೋಕಾಗಲ್ಲ ಮಗಳೇ. ಹೊತ್ಕೊಂಡೇ ನಿಂತ್ಕೊಳ್ತೀನಿ,” ಎಂದರು.

ಸೂರಾ ತೌಬಾದಲ್ಲಿ ಮೊದಲು ತಿರುಗುವವನು ಅಲ್ಲಾಹ, ಆ ಮೂವರು ಆಮೇಲೆ. ಅಬ್ಬಾ ಇದನ್ನು ತಲೆಕೆಳಗು ಮಾಡಿಕೊಂಡಿದ್ದರು, ಯೋಗ್ಯನಾದ ಮೇಲೆ ಅವನ ಮುಂದೆ ನಿಲ್ಲಬೇಕೆಂದು. ನಿಂತ ಮೇಲೆಯೇ ಅವರು ಕೆಂಗಲ್‌ಗೆ ಹೋಗಲು ಗಟ್ಟಿಯಾದದ್ದು. ಮತ್ತೆ ಮಸೀದಿಗೆ ಹೋದ ಮೊದಲ ಜುಮ್ಮಾದಲ್ಲಿ ಕೊನೆಯ ಸಾಲಿನಲ್ಲಿ ನಿಂತಿದ್ದರಂತೆ. ಮುಂದಿನ ಸಾಲಿನ ಮುದುಕರೊಬ್ಬರು ಹಿಂತಿರುಗಿ ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿ, ಕೈ ಹಿಡಿದು ಎಳೆದುಕೊಂಡರಂತೆ. ಅವರನ್ನು ಅಬ್ಬಾ ಇವತ್ತಿಗೂ ತಲ್ಹಾ ಸಾಬ್ ಎಂದೇ ಕರೆಯುವುದು.

2020ರ ಲಾಕ್‌ಡೌನಿನಲ್ಲಿ ಗೂಡಿನ ಬೆಲೆ ಮತ್ತೆ ಕುಸಿಯಿತು. ಮಸೀದಿಗಳೂ ಮುಚ್ಚಿದ್ದವು. ಅಂಥ ಒಂದು ಸಂಜೆ ನಮ್ಮ ಬೀದಿಯ ಎಳೆಯ ರೀಲರೊಬ್ಬ ಮನೆಗೆ ಬಂದು ಕೂತ. ಮಾಗಡಿ ಕಡೆಯ ರೈತನೊಬ್ಬನಿಗೆ ಕೊಡಬೇಕಿದೆ, ಫೋನ್ ಎತ್ತುತ್ತಿಲ್ಲ, ನಮಾಜಿಗೆ ಮನಸ್ಸು ಬರುತ್ತಿಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದು ಅತ್ತ. ಅಬ್ಬಾ ಅವನಿಗೆ ಯಾವ ಆಯತ್ತನ್ನೂ ಹೇಳಲಿಲ್ಲ. ಫೋನ್ ತೆಗೆಸಿ, ಅಲ್ಲೇ ಆ ರೈತನಿಗೆ ಹಚ್ಚಿಸಿದರು. “ಕೊಡ್ತೀನಿ ಅನ್ನಬೇಡ. ಇಷ್ಟು ಇದೆ, ಇಷ್ಟು ಇಲ್ಲ ಅನ್ನು. ಆಣೆ ಗೀಣೆ ಇಡಬೇಡ,” ಎಂದು ಪಿಸುಗುಟ್ಟಿದರು. ಆ ಕಡೆಯಿಂದ ಬೈಗುಳ ನಮಗೂ ಕೇಳಿಸುತ್ತಿತ್ತು. ಹುಡುಗ ಹ್ಞೂಂ ಅಣ್ಣ, ಹೌದು ಅಣ್ಣ ಎನ್ನುತ್ತ ಕೊನೆಯವರೆಗೂ ಕೇಳಿಸಿಕೊಂಡ. ವಾರಕ್ಕಿಷ್ಟೆಂದು ಮಾತಾಯಿತು. ಅಮ್ಮಿ ಅಷ್ಟರಲ್ಲಿ ಅವನಿಗೂ ಒಂದು ತಟ್ಟೆ ಹಾಕಿದ್ದಳು. ಬೇಡವೆಂದು ಎದ್ದವನನ್ನು ಅಬ್ಬಾ ಭುಜ ಹಿಡಿದು ಕೂರಿಸಿದರು.